ಅಷ್ಟಮಿಯ ನೀರು

ಐದೂವರೆಗೇ ಕೋಡಿಬಾಗದ ದಕ್ಕೆಯಲ್ಲಿ ನಿಂತಿದ್ದರು
ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ಜೊತೆಗೆ ಅವರ ಭಾವ.
ಕಾರಿನ ಡಿಕ್ಕಿಯಿಂದ ಇಳಿದವು
ನನ್ನ ದೋಣಿಗಿಂತ ಬೆಲೆಬಾಳುವ ರಾಡುಗಳು,
ಇನ್ನೂ ಅಂಗಡಿಯ ವಾಸನೆ ಬಿಡದ ಟೊಪ್ಪಿಗಳು,
ಒಂದು ಡಬ್ಬಿ ತುಂಬ ರಬ್ಬರಿನ ಸೀಗಡಿ.

ಇವತ್ತು ಅಷ್ಟಮಿ. ನೀರಿಗೆ ಓಡುವ ಮನಸ್ಸಿಲ್ಲ.
ಅಮಾಸೆಗೋ ಹುಣ್ಣಿಮೆಗೋ ಬನ್ನಿ ಅಂದಿದ್ದೆ ಫೋನಿನಲ್ಲಿ;
ಗಿರಾಕಿಗಳು ಪಂಚಾಂಗ ನೋಡಿ ಬರುವುದಿಲ್ಲ,
ಭಾನುವಾರ ನೋಡಿ ಬರುತ್ತಾರೆ.
ಬರಲಿ. ಮೀನು ಸಿಗದಿದ್ದರೆ ಬೈಗುಳ ಅಷ್ಟಮಿಗೆ,
ಸಿಕ್ಕರೆ ಹೆಸರು ರಾಡಿಗೆ.
ನಡುವೆ ಇಂಜಿನ್ನಿನ ಹಗ್ಗ ಎಳೆಯುವವನು ನಾನು,
ಉಮಾಕಾಂತ ತಾಂಡೇಲ.
ಲೈಫ್ ಜಾಕೆಟ್ಟು ಬಿಗಿಯಾಯಿತಾ ಸರ್?

ಸೇತುವೆಯ ಕಂಬಗಳ ಹತ್ತಿರ ಮೊದಲ ಎಸೆತ.
ಕಂಬಕ್ಕೆ ಅಂಟಿದ ಕಲ್ವದ ಚಿಪ್ಪು ದಾರ ಕೊಯ್ಯುತ್ತದೆ,
ದೂರ ಎಸೆಯಿರಿ, ಅಂದೆ.
ಭಾವ ಹತ್ತಿರವೇ ಎಸೆದ.
ಒಂದು ಸೀಗಡಿ ಹೋಯಿತು. ಇನ್ನೊಂದು.
ಮೂರನೆಯದು ನನ್ನ ಅಂಗಿಯ ಬೆನ್ನಿಗೆ ಸಿಕ್ಕಿತು.
‘ದೊಡ್ಡದೇ ಬಿದ್ದಿದೆ’ ಎಂದು ಡಾಕ್ಟರು ನಕ್ಕರು.
ನಾನೂ ನಕ್ಕೆ; ಅದೂ ಬಾಡಿಗೆಯೊಳಗೇ ಬರುತ್ತದೆ.

ಎಂಟಕ್ಕೆ ಬಿಸಿಲು. ಕೂರ್ಮಗಡದ ಬದಿಗೆ ಹೋದೆವು.
ದಕ್ಷಿಣಕ್ಕೆ ಬೂದುಬಣ್ಣದ ಹಡಗೊಂದು ನಿಂತಿತ್ತು.
‘ಅಲ್ಲಿಗೆ ಹೋಗೋಣವಾ?’
ಅಲ್ಲೊಂದು ಗೆರೆ ಇದೆ ಸರ್, ನೀರ ಮೇಲೆ ಕಾಣದ್ದು.
ಗೆರೆಯ ಆಚೆ ಮೀನೂ ಸರಕಾರದ್ದು.
ಅಪ್ಪನ ಕಲ್ಲು ಆಚೆಯೇ ಉಳಿಯಿತೆಂದು ಹೇಳಲಿಲ್ಲ:
ಆರು ಮಾರು ಆಳದಲ್ಲಿ ಒಂದು ಬಂಡೆ,
ಗುಡ್ಡದ ಒಂಟಿ ತಾಳೆಯೂ ಚರ್ಚಿನ ಶಿಲುಬೆಯೂ
ಒಂದಕ್ಕೊಂದು ಮರೆಯಾದಾಗ ಲಂಗರು ಬಿಡಬೇಕು.
ತಾಳೆ ಈಗಿಲ್ಲ. ಲೆಕ್ಕ ಮಾತ್ರ ನನ್ನ ತಲೆಯಲ್ಲಿದೆ.

ಭಾವ ವಾಂತಿ ಮಾಡಿದ. ಅವಲಕ್ಕಿ, ಚಹಾ, ಕೊನೆಗೆ ಬರೀ ಹುಳಿ.
ಲಿಂಬೆಯೆಲೆ ಹಿಸುಕಿ ಮೂಗಿಗೆ ಹಿಡಿದೆ.
ಮತ್ತೆ ಅಳಿವೆಗೆ ತಿರುಗಿದೆವು, ಕಾಂಡ್ಲಾ ಬೇರುಗಳ ನೆರಳಿಗೆ.
ಇಳಿತ ಸುರುವಾಗಿತ್ತು, ಇದೆಯೋ ಇಲ್ಲವೋ ಎಂಬಷ್ಟು.
ಹಣ್ಣೆಲೆಯೊಂದು ಬೇರಿನಿಂದ ಬಿಡಿಸಿಕೊಂಡು
ಸಮುದ್ರದ ಕಡೆ ಒಂದು ಗೇಣು ಸರಿದದ್ದು ನೋಡಿ
‘ಈಗ ಸರ್, ಆ ಎಲೆಯ ಹಿಂದೆ’ ಅಂದೆ.

ನೀರೊಳಗೆ ಯಾರೋ ಕದ ಬಡಿದ ಸದ್ದು.

ಚೊಣಕ. ಇಡೀ ಮೈ ಮೇಲೆದ್ದು ತಲೆ ಕೊಡವಿತು,
ರೀಲು ಕಿರುಚಿತು, ಡಾಕ್ಟರೂ.
ಬಿಗಿ ಮಾಡಬೇಡಿ, ಓಡಲಿ, ಓಡಲಿ, ಬೇರಿನ ಕಡೆ ಬಿಡಬೇಡಿ,
ಇಪ್ಪತ್ತು ನಿಮಿಷ ನನ್ನ ಬಾಯಿ ಅವರ ಕೈಯಾಗಿತ್ತು.
ಬಲೆಚೀಲದಲ್ಲಿ ಎತ್ತಿದೆ: ಏಳು ಕಿಲೋಗೆ ಕಡಿಮೆಯಿಲ್ಲ,
ಕಣ್ಣು ಒಲೆಯ ಕೆಂಡ.

ಇಕ್ಕಳ ಹಿಡಿದು ಡಾಕ್ಟರು ಗಾಳ ಕಿತ್ತದ್ದು ನೋಡಬೇಕಿತ್ತು:
ಎಡಗೈ ದವಡೆಗೆ, ಮಣಿಕಟ್ಟಿನ ಒಂದು ಸಣ್ಣ ತಿರುವು,
‘ಆಯ್ತು, ಆಯ್ತು’ ಎಂದು ಮೀನಿಗೇ ಹೇಳಿದರು.
ದಿನವಿಡೀ ಅವರಿಗೆ ಬಂದ ಒಂದೇ ಕೆಲಸ ಅದು.

‘ಗಂಡೋ ಹೆಣ್ಣೋ?’
ಸಣ್ಣದಿರುವಾಗ ಗಂಡು ಸರ್. ಇಷ್ಟು ಬೆಳೆದ ಮೇಲೆ ಹೆಣ್ಣಾಗುತ್ತದೆ.
ಭಾವ ಜೋರಾಗಿ ನಗಲು ಹೋಗಿ, ಯಾಕೋ, ನಡುವೆ ನಿಲ್ಲಿಸಿದ.
ಫೋಟೋ ಆಯಿತು.
‘ಬಿಟ್ಟುಬಿಡೋಣ’ ಅಂದರು ಡಾಕ್ಟರು.

ಬಾಲದ ಬುಡ ಹಿಡಿದು ನೀರಲ್ಲಿ ನಿಲ್ಲಿಸಿದೆ, ಮುಖ ಸೆಳವಿಗೆ ಎದುರಾಗಿ.
ಕಿವಿರು ತೆರೆಯಿತು, ಮುಚ್ಚಿತು.
ಕಿಲೋಗೆ ಆರುನೂರು, ಏಳು ಕಿಲೋ...
ಲೆಕ್ಕ ಮುಗಿಯುವುದರೊಳಗೆ ಮುಷ್ಟಿಯಲ್ಲಿ ಬಲ ಬಂತು,
ಒಂದು ಸಲ ಒದೆಯಿತು. ಕೈ ಖಾಲಿ.

ಸಂಜೆ ಮಾರ್ಕೆಟ್ಟಿನಲ್ಲಿ ನೂರು ರೂಪಾಯಿಯ ಬಂಗಡೆ ಕೊಂಡೆ,
ಯಾರೂ ನೋಡದ ಹಾಗೆ ಚೀಲ ಮಡಚಿ.
ಮೂವತ್ತು ವರ್ಷ ಮೀನಬುಟ್ಟಿ ಹೊತ್ತ ಆಯಿ, ಈಗ ಪೊರೆ ಮುಚ್ಚಿದ ಕಣ್ಣು,
ಚೀಲ ತೆಗೆದುಕೊಳ್ಳುವಾಗ ನನ್ನ ಅಂಗೈ ಹಿಡಿದು ಮೂಸಿದಳು.
‘ಚೊಣಕ,’ ಅಂದಳು.
ಹೌದು ಆಯಿ.
‘ಎಷ್ಟು ದೊಡ್ಡದು?’
ಎರಡೂ ಕೈ ಅಗಲಿಸಿ ತೋರಿಸಿದೆ, ಅವಳಿಗೆ ಕಾಣದೆಂಬುದು ಮರೆತು.
ಅವಳು ಒಂದು ಕೈಯಿಂದ ಇನ್ನೊಂದು ಕೈಯವರೆಗೆ
ಗೇಣು ಹಾಕಿ ಗಾಳಿಯನ್ನು ಅಳೆದಳು.
ಆಮೇಲೆ ಬಂಗಡೆಯ ಹೊಟ್ಟೆ ಒತ್ತಿ ನೋಡಿ
‘ನಿನ್ನೆಯದು,’ ಅಂದಳು, ‘ಮೋಸ ಹೋದೆ.’